ಟಗರಿನ ಎಡಗಿವಿ

ಮರಿಬಸಪ್ಪನವರು ಆ ದಿನ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಡದೆ ಇದ್ದಿದ್ದರೆ ಈ ಮೊಕದ್ದಮೆ ಬೇರೆಯದೇ ದಾರಿ ಹಿಡಿಯುತ್ತಿತ್ತು ಎಂದು ವಕೀಲರೂ ಪೊಲೀಸರೂ ಅವರ ಹೆಂಡತಿ ಚನ್ನವೀರಮ್ಮನೂ ಹೇಳುತ್ತಾರೆ. ಈ ಮೂವರೂ ಒಪ್ಪಿದ ಮಾತು ಇದೊಂದೇ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ. ನೋಟ್‌ಪುಸ್ತಕ, ಪೆನ್ನು, ಗೋಂದು, ಲಗ್ನಪತ್ರಿಕೆಯ ಲಕೋಟೆ ಮಾರುತ್ತಿದ್ದರು. ಪೇಟೆಯವರೆಲ್ಲ ಅವರನ್ನು ಪೆನ್ನಿನ ಮರಿಬಸಪ್ಪ ಎನ್ನುತ್ತಿದ್ದರು. ಐವತ್ತು ದಾಟಿದ, ಕನ್ನಡಕ ಹಾಕಿದ, ಮನೆಯಲ್ಲಿ ಎರಡು ಶಲ್ಯ ಇಟ್ಟುಕೊಂಡ ಮನುಷ್ಯನಿಗೆ ಈ ಹೆಸರು ಸಾಲದು ಎಂದು ಅವರಿಗೆ ಒಳಗೊಳಗೇ ಅನಿಸುತ್ತಿತ್ತು. ಆದ್ದರಿಂದ ಕುರುಗೋಡಿನಲ್ಲಿ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೋದಾಗ, ಹಾಗೆ ಕರೆಯುವವರು ಯಾರೂ ಇಲ್ಲದ ಊರಿನಲ್ಲಿ, ಅವರು ಕೊಂಚ ಎದೆ ಎತ್ತಿ ನಡೆದದ್ದು ಸಹಜ. ಮೊಣಕಾಲು ನೋವೆಂದು ಚನ್ನವೀರಮ್ಮ ಮನೆಯಲ್ಲೇ ಉಳಿದಿದ್ದರು. ಅಲ್ಲಿದ್ದಿದ್ದರೆ ಆ ಎದೆಯನ್ನು ಅದರ ಜಾಗಕ್ಕೆ ಇಳಿಸುತ್ತಿದ್ದರು.

ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಬಳಿ ಚಹಾ ಕುಡಿಯುತ್ತ ನಿಂತಿದ್ದಾಗ ಒಂದು ಪೊಲೀಸ್ ಜೀಪು ಬಂದು ನಿಂತಿತು. ಅದರಿಂದ ಇಳಿದ ಕಾನ್‌ಸ್ಟೇಬಲ್ ಗಾದಿಲಿಂಗಪ್ಪ ಅಂಗಡಿಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ, ಸೀದಾ ಬಿಳಿ ಅಂಗಿಯ ಹತ್ತಿರ ಬಂದ.

"ಸಾರ್, ನೀವು ನೋಡಾಕ ದೊಡ್ಡ ಮನುಷ್ಯಾರಂಗ ಅದೀರಿ. ಒಂದು ಪಂಚನಾಮಿ ಐತಿ, ಬರ್ರಿ. ನಿಂತು ನೋಡೋದು, ಸೈ ಮಾಡೋದು, ಅಷ್ಟ."

ಪೊಲೀಸರು ಒಂದು ವಸ್ತುವನ್ನು ವಶಪಡಿಸಿಕೊಳ್ಳುವಾಗ ಊರಿನ ಇಬ್ಬರು ಗಣ್ಯರು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ ಸಹಿ ಹಾಕಬೇಕು. ಅವರೇ ಪಂಚರು. ಒಬ್ಬ ಪಂಚ ಆಗಲೇ ಸಿಕ್ಕಿದ್ದ. ಅವನು ಚಹಾ ಅಂಗಡಿಯವನೇ. ಮುಂದೆ ಕೋರ್ಟಿನಿಂದ ಸಮನ್ಸ್ ಬರುವ ಹೊತ್ತಿಗೆ ಅವನು ಅಂಗಡಿ ಎತ್ತಿಕೊಂಡು ಆದೋನಿ ಕಡೆಗೆ ಹೋಗಿಬಿಟ್ಟಿದ್ದ. ಈ ಕಥೆಯಲ್ಲಿ ಬುದ್ಧಿವಂತ ಅಂತ ಇದ್ದರೆ ಅವನೊಬ್ಬ.

ಜೀಪಿನಲ್ಲಿ ಎಸ್.ಐ. ಸಾಹೇಬರು ಕಾಗದ ತೊಡೆಯ ಮೇಲಿಟ್ಟುಕೊಂಡು ಕೇಳಿದರು. "ಉದ್ಯೋಗ ಏನಂತ ಬರೀಲಿ?"

ಅಂಗಡಿ ಎನ್ನಲು ಬಾಯಿ ತೆರೆದ ಮರಿಬಸಪ್ಪನವರ ಬಾಯಿಂದ "ಸಮಾಜ ಸೇವೆ" ಎಂಬುದು ಹೊರಬಿತ್ತು. ಸಾಹೇಬರು ಗೌರವದಿಂದ ತಲೆಯಾಡಿಸಿ ಬರೆದುಕೊಂಡರು. ಅದೇ ಉಮೇದಿನಲ್ಲಿ, ಗಾಂಧಿನಗರದಲ್ಲಿ ಮನೆ, ಮನೆಯ ಮುಂದೆ ಬೇಕಾದಷ್ಟು ಜಾಗ ಎಂಬುದನ್ನೂ ಯಾರೂ ಕೇಳದೆಯೇ ಹೇಳಿದರು. ಅವರ ಮನೆಯ ಮುಂದೆ ಇದ್ದದ್ದು ಒಂದು ಸ್ಕೂಟರ್ ನಿಲ್ಲುವಷ್ಟು ಜಾಗ.

ಸಂಗತಿ ಇಷ್ಟು. ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದ ಮಾರೆಣ್ಣ ಎಂಬ ರೈತನ ಕಾಳಗದ ಟಗರು ಕಳುವಾಗಿತ್ತು. ಸುತ್ತಲಿನ ಊರುಗಳಲ್ಲಿ ಹೆಸರು ಮಾಡಿದ ಟಗರು. ಅದು ಕುರುಗೋಡಿನ ಕರಿಬಸವ ಎಂಬವನ ಹಿತ್ತಲಿನಲ್ಲಿದೆ ಎಂದು ಸುಳಿವು ಸಿಕ್ಕಿ ಪೊಲೀಸರು ಬಂದಿದ್ದರು. ಮಾರೆಣ್ಣನೂ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ.

ಕರಿಬಸವನ ಓಣಿಯಲ್ಲಿ ನಲ್ಲಿಯ ಪೈಪು ಒಡೆದು ಮೊಣಕಾಲುದ್ದ ಕೆಸರು. ಎಲ್ಲರೂ ಇಳಿದರು. ಮರಿಬಸಪ್ಪನವರು ಕೆಸರನ್ನು ನೋಡಿದರು, ತಮ್ಮ ಅಂಗಿಯನ್ನು ನೋಡಿದರು, "ನೀವು ಹೋಗಿರ್ರಿ, ನಾನು ಇಲ್ಲಿಂದನ ನೋಡ್ತೀನಿ" ಎಂದು ಜೀಪಿನಲ್ಲೇ ಉಳಿದರು. ಅಲ್ಲಿಂದ ಕಾಣುತ್ತಿದ್ದದ್ದು ಒಂದು ಗೋಡೆ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಗಾದಿಲಿಂಗಪ್ಪ ಹಗ್ಗ ಹಿಡಿದು ಓಡಿಬಂದ. ಹಗ್ಗದ ಮುಂದಿನ ತುದಿಯಲ್ಲಿ ಟಗರಿತ್ತು. ಅದರ ಹಿಂದೆ "ನಂದ್ರೀ ಟಗರು" ಎಂದು ಕರಿಬಸವ, "ನಂದಲೇ ಅದು" ಎಂದು ಮಾರೆಣ್ಣ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ತೋರಿಸಿದಲ್ಲೆಲ್ಲ ಮರಿಬಸಪ್ಪನವರು ಅಡ್ಡಗೆರೆ, ಕೆಳಗೆರಡು ಚುಕ್ಕಿ ಸಮೇತ ಸಹಿ ಹಾಕಿದರು.

ಇಬ್ಬರೂ ತಮ್ಮದೆನ್ನುವ ಟಗರನ್ನು ಯಾರ ಕೈಗೆ ಕೊಡುವುದು? ಠಾಣೆಯಲ್ಲಿ ಕಟ್ಟಲು ಜಾಗವಿಲ್ಲ. ಸಾಹೇಬರ ಕಣ್ಣು ಮೆಲ್ಲಗೆ ಸಮಾಜ ಸೇವಕರ ಮೇಲೆ ಬಿತ್ತು.

"ಒಂದ ರಾತ್ರಿ ಇಟ್ಕೊಳ್ರಿ. ನಾಳೆ ಕೋರ್ಟಿಗೆ ಹಾಜರ್ ಮಾಡ್ತೀವಿ."

ಆ ರಾತ್ರಿ ಮುಗಿಯಲು ಎರಡು ಬೇಸಿಗೆ ಬೇಕಾದವು.

ಗೂಡ್ಸ್ ಆಟೋದಿಂದ ಟಗರಿನೊಂದಿಗೆ ಇಳಿದ ಗಂಡನನ್ನು ಚನ್ನವೀರಮ್ಮ ಬಾಗಿಲಲ್ಲೇ ತಡೆದರು.

"ಏನ್ರಿ ಇದು?"

"ಮುದ್ದೆಮಾಲು."

"ಮುದ್ದಿನಾ?"

"ಮುದ್ದಿ ಅಲ್ಲ. ಕಳವು ಕೇಸಿನ್ಯಾಗ ಹಿಡಿದ ವಸ್ತುವಿಗೆ ಪೊಲೀಸರು ಹಂಗಂತಾರ. ಸರಕಾರದ ಜವಾಬ್ದಾರಿ ಇದು, ನನ್ನ ಮ್ಯಾಲೆ ನಂಬಿಕಿ ಇಟ್ಟು ಕೊಟ್ಟಾರ."

"ನಿಶ್ಚಯಕ್ಕ ಹೋದಾರು ಹೋಳಿಗಿ ತರ್ತಾರ. ನೀವು ಕೋಡಿರೋದನ್ನ ತಂದೀರಿ. ಕುರುಗೋಡಿನ್ಯಾಗ ಅಷ್ಟು ಮಂದಿ ಇದ್ರು, ನಿಮ್ಮ ಮಾರಿ ಮ್ಯಾಲೆ ಏನು ಬರದಿತ್ತು ಅವರಿಗೆ?"

ಮುಖದ ಮೇಲಲ್ಲ, ಅಂಗಿಯ ಮೇಲೆ ಎಂದು ಹೇಳುವ ಧೈರ್ಯ ಮರಿಬಸಪ್ಪನವರಿಗೆ ಬರಲಿಲ್ಲ.

ಮಾಂಸದ ವಾಸನೆಯೂ ಸುಳಿಯದ ಮನೆ ಅದು. ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ಹಂಪಯ್ಯನವರು, ಬ್ಯಾಂಕಿನಿಂದ ನಿವೃತ್ತರಾಗಿ ಓಣಿಯ ಮೇಲ್ವಿಚಾರಣೆ ವಹಿಸಿಕೊಂಡಿದ್ದವರು, ವಿಭೂತಿ ಹಚ್ಚಿಕೊಂಡು ಕಾಂಪೌಂಡಿನ ಆಚೆ ನಿಂತಿದ್ದರು.

"ಮರಿಬಸಪ್ಪಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾವ ಹಬ್ಬಕ್ಕ ಇದು?"

"ಹಬ್ಬಕ್ಕಲ್ರಿ. ಕೋರ್ಟಿಗೆ."

ಹಂಪಯ್ಯನವರು ಟಗರನ್ನು ಕೋಡಿನಿಂದ ಬಾಲದವರೆಗೆ ಕಣ್ಣಲ್ಲೇ ಅಳೆದರು. "ಕೋರ್ಟಿನವರು ಎಷ್ಟು ಮಂದಿ ಬರ್ತಾರ ಊಟಕ್ಕ?"

ಅದು ಹಾಗಲ್ಲವೆಂದು ವಿವರಿಸಿದಷ್ಟೂ ಸುದ್ದಿ ಬೆಳೆಯಿತು. ಪೆನ್ನಿನ ಮರಿಬಸಪ್ಪ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದು, ಅದರಿಂದ ಪಾರಾಗಲು ದೊಡ್ಡವರಿಗೆ ಬಾಡೂಟ ಹಾಕಿಸಲಿದ್ದಾನೆ ಎಂದು ಓಣಿ ತೀರ್ಮಾನಿಸಿತು. ಶ್ರಾವಣದ ಪೂಜೆಗೆ ಪ್ರತಿವರ್ಷ ಬರುತ್ತಿದ್ದ ಅಯ್ಯನವರು ಆ ಸಲ ಗಂಟಲು ಸರಿಯಿಲ್ಲವೆಂದು ಹೇಳಿ ಕಳಿಸಿದರು. ಅದೇ ಗಂಟಲಿನಿಂದ ಎರಡು ಮನೆ ಆಚೆ ಅವರು ಮಂತ್ರ ಹೇಳುವುದು ಚನ್ನವೀರಮ್ಮನ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆ ದಿನ ಅವರು ಗಂಡನಿಗೆ ಊಟ ಬಡಿಸಿದ ರೀತಿಯಲ್ಲಿ ತಾಟು ಮೂರು ಸಲ ಸದ್ದು ಮಾಡಿತು.

ಮರಿಬಸಪ್ಪನವರು ವಾರಕ್ಕೊಮ್ಮೆ ಗಾದಿಲಿಂಗಪ್ಪನಿಗೆ ಫೋನ್ ಮಾಡುತ್ತಿದ್ದರು. ಮೊದಲು ಸಾಹೇಬರು ಬಂದೋಬಸ್ತಿನಲ್ಲಿದ್ದರು. ಆಮೇಲೆ ಸಾಹೇಬರಿಗೆ ವರ್ಗವಾಯಿತು. ಆಮೇಲೆ ಬಂದ ಸಾಹೇಬರಿಗೆ ಟಗರಿನ ವಿಷಯವೇ ಗೊತ್ತಿರಲಿಲ್ಲ.

"ಬಂದು ಒಯ್ರಿ ಮಾರಾಯ್ರ ಇದನ್ನ."

"ಇನ್ನ ಸ್ವಲ್ಪ ತಡ್ಕೊಳ್ರಿ ಸಾರ್. ಮಾರಬ್ಯಾಡ್ರಿ, ಯಾರಿಗೂ ಕೊಡಬ್ಯಾಡ್ರಿ. ಸತ್ರ ಮಾತ್ರ ನಿಮ್ಮ ಮ್ಯಾಲೆ ಬರ್ತೈತಿ. ಸಾಕ್ಷ್ಯ ನಾಶ ಅಂತಾರ ಅದಕ್ಕ."

ಅಂದಿನಿಂದ ಟಗರು ಒಮ್ಮೆ ಕೆಮ್ಮಿದರೆ ಮನೆಯಲ್ಲಿ ಇಬ್ಬರೂ ಎದ್ದು ಕೂರುತ್ತಿದ್ದರು. ಮಳೆ ಬಂದರೆ ಸಾಕ್ಷ್ಯ ನೆನೆಯಬಾರದೆಂದು ಅದನ್ನು ಪಡಸಾಲೆಗೆ ತಂದರು. ಒಳಗೆ ಬಂದದ್ದು ಹೊರಗೆ ಹೋಗಲು ಒಪ್ಪಲಿಲ್ಲ. ಚನ್ನವೀರಮ್ಮ ಅದಕ್ಕೆ ದಿನವೂ ಬೈಯುತ್ತಿದ್ದರು. ಬೈಯುತ್ತಲೇ ರೊಟ್ಟಿ ಮುರಿದು ಹಾಕುತ್ತಿದ್ದರು. ಅವರು ಧಾರಾವಾಹಿ ನೋಡುವ ಹೊತ್ತಿಗೆ ಅದು ಕುರ್ಚಿಯ ಪಕ್ಕ ಬಂದು ಕೂರುವುದನ್ನು ಕಲಿತಿತ್ತು. ಗೇಟು ತೆರೆದಿದ್ದ ಒಂದು ದಿನ ಮಾತ್ರ ತನ್ನ ಹಳೆಯ ಕಸುಬು ನೆನಪಾಗಿ ಹಂಪಯ್ಯನವರ ಕಾರಿನ ಬಾಗಿಲಿಗೆ ಗುದ್ದಿತು. ಬಾಗಿಲಿನಲ್ಲಿ ಕಂಡ ತನ್ನದೇ ಪ್ರತಿಬಿಂಬದ ಮೇಲೆ ಅದಕ್ಕೆ ಸಿಟ್ಟಿತ್ತೆಂದು ಮರಿಬಸಪ್ಪನವರು ಸಮಜಾಯಿಷಿ ಕೊಟ್ಟರು. ಹಂಪಯ್ಯನವರು ಮಾತು ಬಿಟ್ಟರು.

ಕೊನೆಗೊಮ್ಮೆ ಸಿರುಗುಪ್ಪದ ಕೋರ್ಟಿನಿಂದ ಸಮನ್ಸ್ ಬಂತು. ಟಗರನ್ನೂ ತರಬೇಕೆಂದಿತ್ತು. ಮರಿಬಸಪ್ಪನವರು ಗೂಡ್ಸ್ ಆಟೋದಲ್ಲಿ ಟಗರಿನ ಪಕ್ಕ ಕುಳಿತು, ಮಡಿಲಲ್ಲಿ ಬುತ್ತಿಯ ಚೀಲ ಇಟ್ಟುಕೊಂಡು ಹೊರಟರು. ಈ ಸಲ ಅಂಗಿ ಕಂದು ಬಣ್ಣದ್ದು. ಚನ್ನವೀರಮ್ಮ ಆರಿಸಿ ಕೊಟ್ಟದ್ದು.

ಕೋರ್ಟಿನ ಜಗಲಿಯ ಮೇಲೆ ಸರಕಾರಿ ವಕೀಲರು ಅವಸರದಲ್ಲಿ ಪಾಠ ಹೇಳಿಕೊಟ್ಟರು. "ಹಿತ್ತಲಿನ್ಯಾಗ ಗೂಟಕ್ಕ ಕಟ್ಟಿದ್ದ ಟಗರನ್ನ ನನ್ನ ಎದುರಿಗೇ ಹಿಡಿದ್ರು ಅನ್ರಿ. ಮತ್ತೇನೂ ಅನ್ನಬ್ಯಾಡ್ರಿ."

ಕರಿಬಸವನ ಪರವಾಗಿ ಬಂದಿದ್ದವರು ಶೈಲಜಾ ಎಂಬ ವಕೀಲೆ. ಸಣ್ಣ ಧ್ವನಿ, ನಿಧಾನದ ಮಾತು. ಟಗರನ್ನು ಹಿಡಿದ ಕ್ರಮವೇ ಸರಿಯಿಲ್ಲ, ಹಾಗಾಗಿ ಅದನ್ನು ಸಾಕ್ಷ್ಯವೆಂದು ಒಪ್ಪಬಾರದು ಎಂಬುದು ಅವರ ವಾದ. ಆ ವಾದಕ್ಕೆ ಬೇಕಾದದ್ದೆಲ್ಲ ಕಟಕಟೆಯಲ್ಲಿ ಕಂದು ಅಂಗಿ ತೊಟ್ಟು ನಿಂತಿತ್ತು.

"ಮರಿಬಸಪ್ಪನವರೇ, ನೀವು ಸಮಾಜ ಸೇವಕರು ಅಂತ ಪಂಚನಾಮೆಯಲ್ಲಿದೆ. ಏನು ಸೇವೆ ಮಾಡ್ತೀರಿ?"

"ಪೆನ್ನು ಮಾರ್ತೀನ್ರಿ."

"ಪುಕ್ಕಟೆ ಕೊಡ್ತೀರಾ?"

"ಇಲ್ರಿ. ಪರೀಕ್ಷಿ ಟೈಮಿನ್ಯಾಗ ಬರ್ಯಾಕ ಬರ್ತದೋ ಇಲ್ಲೋ ಅಂತ ನೋಡಿ ಕೊಡ್ತೀನಿ."

"ಆಗಲಿ. ಟಗರನ್ನು ಹಿತ್ತಲಿನಲ್ಲಿ ಎಲ್ಲಿ ಕಟ್ಟಿದ್ದರು?"

"ಗೂಟಕ್ಕ."

"ಗೂಟ ಎಲ್ಲಿತ್ತು?"

ಸರಕಾರಿ ವಕೀಲರು ಗೂಟದ ಆಚೆಗೆ ಪಾಠ ಹೇಳಿರಲಿಲ್ಲ. ಆಗಷ್ಟೇ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿದ್ದು ಮರಿಬಸಪ್ಪನವರಿಗೆ ನೆನಪಾಯಿತು. "ಗ್ವಾಡಿ ಆಚಿಗಿರಬೇಕ್ರಿ."

"ನೀವು ಗೋಡೆಯ ಯಾವ ಕಡೆ ಇದ್ದಿರಿ?"

"ಈಚಿಗಿ. ಜೀಪಿನ್ಯಾಗ."

"ಕೆಳಗೆ ಯಾಕೆ ಇಳಿಯಲಿಲ್ಲ?"

"ಕೆಸರಿತ್ರಿ. ಅಂಗಿ ಬಿಳೀದು."

"ಹಾಗಾದರೆ ಟಗರು ಹಿತ್ತಲಿನಲ್ಲಿ ಇದ್ದದ್ದನ್ನು ನೀವು ನೋಡೇ ಇಲ್ಲ."

"ನೋಡಿಲ್ರಿ. ಆದ್ರ ಕಟ್ಟೇ ಇರ್ತಾರಲ್ರಿ. ಬಿಟ್ರ ಅದು ಸುಮ್ಮನಿರೋದಲ್ಲ. ನಮ್ಮ ಹಂಪಯ್ಯನವರ ಕಾರು..."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ" ಎಂದರು ನ್ಯಾಯಾಧೀಶರು.

ತಮ್ಮದೇ ಸಾಕ್ಷಿ ತಿರುಗಿಬಿದ್ದ ಸಿಟ್ಟಿಗೆ ಸರಕಾರಿ ವಕೀಲರು ಎದ್ದು ನಿಂತು, ಈ ಸಾಕ್ಷಿ ಹಾಸ್ಟೈಲ್ ಆಗಿದ್ದಾರೆ ಎಂದರು.

"ಇಲ್ರಿ ಸಾರ್" ಎಂದರು ಮರಿಬಸಪ್ಪನವರು ವಿನಯದಿಂದ. "ನಾನು ಹಾಸ್ಟೆಲ್‌ನ್ಯಾಗ ಓದಿದಾಂವಲ್ಲ. ಮನ್ಯಾಗ ಇದ್ದು ಓದಿದಾಂವ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಶೈಲಜಾ ಮುಂದುವರಿಸಿದರು.

"ಮಾರೆಣ್ಣನ ದೂರಿನಲ್ಲಿ, ಕಳುವಾದ ಟಗರಿನ ಬಲಗಿವಿ ಹರಿದಿತ್ತು ಅಂತಿದೆ. ನೀವು ಸಹಿ ಮಾಡಿದ ಪಂಚನಾಮೆಯಲ್ಲಿ ಎಡಗಿವಿ ಹರಿದಿದೆ ಅಂತಿದೆ. ಸಹಿ ಮಾಡೋ ಮೊದಲು ಓದಿದ್ರಾ?"

"ಇಲ್ರಿ."

"ಯಾಕೆ?"

"ಓದಿದ್ರ ಸಾಹೇಬರನ್ನ ನಂಬಲಿಲ್ಲ ಅಂದಂಗ ಆಕ್ಕೈತಲ್ರಿ."

ಕಿವಿಯ ವಿಷಯ ಇತ್ಯರ್ಥ ಮಾಡಲು ಗಾದಿಲಿಂಗಪ್ಪನನ್ನು ಕರೆದರು. ಪಂಚನಾಮೆಯಲ್ಲಿ ಟಗರಿನ ವಿವರಣೆ ಬರೆದವನು ಅವನೇ.

"ನಾನು ಟಗರಿನ ಎದುರಿಗೆ ನಿಂತಿದ್ದೆ ಸ್ವಾಮಿ. ನನ್ನ ಎಡಗಡಿ ಬರಕೊಂಡೆ."

"ಟಗರಿನ ಎಡ ಟಗರಿನದಲ್ಲವೇನ್ರಿ?" ಎಂದರು ನ್ಯಾಯಾಧೀಶರು. "ನೀವು ಎಲ್ಲಿ ನಿಂತರೇನು?"

"ಅದು ಒಂದ ಕಡಿ ನಿಲ್ಲತಿರಲಿಲ್ಲ ಸ್ವಾಮಿ. ತಿರುಗಾಕತ್ತಿತ್ತು. ನಾನೂ ತಿರುಗಿ ತಿರುಗಿ ಬರದೆ."

ಅಲ್ಲಿಂದ ಅರ್ಧ ಗಂಟೆ ಆ ಕೋರ್ಟಿನಲ್ಲಿ ವಿದ್ಯಾವಂತರೆಲ್ಲ ತಮ್ಮ ತಮ್ಮ ಕಿವಿ ಮುಟ್ಟಿಕೊಂಡು ಎಡ ಯಾವುದು ಬಲ ಯಾವುದು ಎಂದು ವಾದಿಸಿದರು. ಕೊನೆಗೆ ನ್ಯಾಯಾಧೀಶರು ಬೇಸತ್ತು, ಮುದ್ದೆಮಾಲನ್ನು ತಾವೇ ನೋಡುವುದಾಗಿ ಹೇಳಿ ಅಂಗಳಕ್ಕೆ ಇಳಿದರು.

ಟಗರನ್ನು ಬೇವಿನ ಮರಕ್ಕೆ ಕಟ್ಟಿತ್ತು. ಹರಿದದ್ದು ಬಲಗಿವಿಯೇ. ಮಾರೆಣ್ಣ ಮುಂದೆ ಬಂದು, "ಇದು ನಂದ ಸ್ವಾಮಿ, ಬಿಟ್ಟು ನೋಡ್ರಿ, ನನ್ನ ದನಿ ಕೇಳಿದ್ರ ಓಡಿ ಬರ್ತೈತಿ" ಎಂದ. ಹಗ್ಗ ಬಿಚ್ಚಿದರು. ಮಾರೆಣ್ಣ ನಾಲಗೆಯಿಂದ ಟಕ್ ಟಕ್ ಎನಿಸಿ ಕರೆದ. ಟಗರು ತಲೆ ಎತ್ತಿತು, ಅತ್ತಿತ್ತ ನೋಡಿತು, ನ್ಯಾಯಾಧೀಶರನ್ನು ದಾಟಿಕೊಂಡು ಸೀದಾ ಮರಿಬಸಪ್ಪನವರ ಹತ್ತಿರ ಹೋಗಿ ಅವರ ಬುತ್ತಿಯ ಚೀಲದೊಳಗೆ ಮುಖ ತೂರಿಸಿತು.

"ಸ್ವಾಮಿ, ಇದನ್ನು ದಾಖಲಿಸಬೇಕು" ಎಂದರು ಶೈಲಜಾ. "ಸಾಕ್ಷಿ ಮುದ್ದೆಮಾಲನ್ನು ಗುರುತಿಸಬೇಕಿತ್ತು. ಇಲ್ಲಿ ಮುದ್ದೆಮಾಲೇ ಸಾಕ್ಷಿಯನ್ನು ಗುರುತಿಸಿದೆ. ಕೋರ್ಟಿನ ಆದೇಶವಿಲ್ಲದೆ ಇಷ್ಟು ಕಾಲ ಪಂಚರ ಮನೆಯಲ್ಲಿ ರೊಟ್ಟಿ ತಿಂದ ಟಗರು ಇದು. ಕಳುವಾದದ್ದು ಇದೇ ಅಂತ ಹೇಗೆ ನಂಬೋದು?"

ಮರಿಬಸಪ್ಪನವರು ಟಗರಿನ ತಲೆಯನ್ನು ಚೀಲದಿಂದ ಹೊರಗೆ ಎಳೆಯುತ್ತ, "ಏ, ಆಚಿಗೆ ಸರೀಪಾ, ಎಲ್ಲಾರೂ ನೋಡಾಕತ್ತಾರ" ಎಂದು ಪಿಸುಗುಟ್ಟುತ್ತಿದ್ದರು.

ಮಧ್ಯಾಹ್ನ ಜಗಲಿಯ ಮೇಲೆ ಮಾರೆಣ್ಣ ಅವರ ಎದುರು ಬಂದು ಕುಳಿತ. ಕೂಗಾಡಲಿಲ್ಲ. ಕೂಗಾಡಿದ್ದರೆ ಮರಿಬಸಪ್ಪನವರಿಗೆ ಹಗುರಾಗುತ್ತಿತ್ತು.

"ಸಾವ್ಕಾರ್ರ, ನೀವು ಯಾರ ಕಡಿ?"

"ನಿನ್ನ ಕಡೀನಪ್ಪಾ."

"ನನ್ನ ಕಡಿ ಇದ್ದ ಹಿಂಗಾದ್ರ, ಅವನ ಕಡಿ ಇದ್ದಿದ್ರ ಏನಾಗ್ತಿತ್ತೋ." ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಮರಿ ಇದ್ದಾಗಿಂದ ಕೈಯಾಗ ಹಾಲು ಕುಡಿಸಿ ಬೆಳಸೀನ್ರಿ. ನನ್ನ ಹೆಂಡ್ತಿ ಸುಂಕಲಮ್ಮ ಮಕ್ಕಳಿಗಿಂತ ಅದಕ್ಕ ಹೆಚ್ಚು ಮಾಡಿದ್ಲು. ಅದು ಹೋದ ದಿನ ಒಲಿ ಹಚ್ಚಲಿಲ್ಲ ಆಕಿ. ನೀವು ಜೀಪಿಂದ ಇಳಿಯೋದಷ್ಟ ಇತ್ತಲ್ರಿ ಕೆಲಸ."

ಮರಿಬಸಪ್ಪನವರು ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಅವನ ಮುಂದೆ ಸರಿಸಿದರು. ಅವನು ಬೇಡವೆಂದ. ರೊಟ್ಟಿಯನ್ನು ಟಗರು ತಿಂದಿತು.

ಮುಂದಿನ ವಾಯಿದೆಗೆ ನ್ಯಾಯಾಧೀಶರು ಕರಿಬಸವನನ್ನು ನೇರವಾಗಿ ಕೇಳಿದರು. ಶೈಲಜಾ ಹೇಳಿಕೊಟ್ಟಂತೆ ಅವನು ಒಂದೇ ಉಸಿರಿನಲ್ಲಿ ಹೇಳಿ ಸಹಿ ಹಾಕಿದ. "ಟಗರು ನಂದಲ್ಲ ಸ್ವಾಮಿ. ನನ್ನ ಹಿತ್ತಲಿನ್ಯಾಗ ಇರಲಿಲ್ಲ. ಅದನ್ನ ನಾನು ಕಂಡೇ ಇಲ್ಲ." ಅಂದು ಓಣಿಯಲ್ಲಿ "ನಂದ್ರೀ" ಎಂದು ಕೂಗಿಕೊಂಡು ಬಂದದ್ದು ಪೊಲೀಸರ ಮುಂದಿನ ಮಾತು, ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಶೈಲಜಾ ಮೊದಲೇ ವಾದಿಸಿ ಗೆದ್ದಿದ್ದರು.

ತೀರ್ಪಿನ ದಿನ ಮರಿಬಸಪ್ಪನವರು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ನ್ಯಾಯಾಧೀಶರು ಓದಿದರು. ಪಂಚರ ಎದುರು ವಶಪಡಿಸಿಕೊಂಡದ್ದು ಸಾಬೀತಾಗಿಲ್ಲ. ವಿವರಣೆ ತಾಳೆಯಾಗುವುದಿಲ್ಲ. ಟಗರನ್ನು ಆರೋಪಿಯ ವಿರುದ್ಧ ಸಾಕ್ಷ್ಯವೆಂದು ಪರಿಗಣಿಸಲಾಗದು. ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಕರಿಬಸವ ಮೀಸೆ ತಿರುವಿದ. ಮಾರೆಣ್ಣ ಗೋಡೆ ನೋಡುತ್ತ ಕುಳಿತ.

ನ್ಯಾಯಾಧೀಶರು ಹಾಳೆ ತಿರುವಿದರು. "ಇನ್ನು ಟಗರಿನ ವಿಷಯ. ಇದು ತನ್ನದಲ್ಲ, ಕಂಡೂ ಇಲ್ಲ ಎಂದು ಆರೋಪಿ ಹೇಳಿದ್ದಾನೆ. ತನ್ನದು ಎನ್ನುವವನು ದೂರುದಾರ ಮಾರೆಣ್ಣ ಒಬ್ಬನೇ. ಬೇರೆ ಹಕ್ಕುದಾರರಿಲ್ಲದ ಕಾರಣ ಟಗರನ್ನು ಅವನಿಗೇ ಒಪ್ಪಿಸತಕ್ಕದ್ದು."

ಅರ್ಥವಾಗಲು ಎಲ್ಲರಿಗೂ ಸ್ವಲ್ಪ ಹೊತ್ತು ಬೇಕಾಯಿತು. ಕರಿಬಸವನಿಗೆ ಹೊರಗೆ ಬಂದ ಮೇಲೆ ಅರ್ಥವಾಯಿತು.

"ಮೇಡಂ, ಗೆದ್ದಿವಲ್ರಿ ನಾವು. ಟಗರು ಕೊಡಸ್ರಿ ಮತ್ತ."

"ಯಾವ ಟಗರು?" ಎಂದರು ಶೈಲಜಾ, ಕೋಟು ಮಡಿಚುತ್ತ.

"ನಂದ್ರಿ."

"ನಿಂದಲ್ಲ ಅಂತ ಸೈ ಮಾಡೀಯಲ್ಲಪಾ."

"ನೀವ ಹೇಳಂದ್ರಿ."

"ಜೈಲಿಗೆ ಹೋಗಲಾರದಂಗ ಮಾಡ್ರಿ ಅಂದಿ, ಮಾಡೀನಿ. ಈಗ ನಂದು ಅಂದ್ರ ಅದು ನಿನ್ನ ಹಿತ್ತಲಿನ್ಯಾಗ ಇತ್ತು ಅಂತ ನೀನ ಒಪ್ಪಿದಂಗ ಆಕ್ಕೈತಿ. ನೀನೂ ಟಗರೂ ಇಬ್ರೂ ಒಂದ ಕೇಸಿನ್ಯಾಗ ಪಾರಾಗೋದು ಆಗಂಗಿಲ್ಲ. ಯಾರಾದ್ರೂ ಒಬ್ರು. ಬೆಳಿಗ್ಗಿಂದ ಊಟ ಮಾಡಿಲ್ಲ ನಾನು, ಹೋಗು."

ಮಾರೆಣ್ಣ ಹಗ್ಗ ಹಿಡಿದು ಟಗರಿನ ಸುತ್ತ ಒಂದು ಸುತ್ತು ಬಂದ. ಬೆನ್ನು ಮುಟ್ಟಿದ, ಹೊಟ್ಟೆ ಮುಟ್ಟಿದ. ಹೊಟ್ಟೆ ಕೈಗೆ ಸಿಕ್ಕಷ್ಟೂ ಇತ್ತು.

"ಏನು ಹಾಕೀರಿ ಸಾವ್ಕಾರ್ರ ಇದಕ್ಕ? ಇದು ನಂದೇನಾ ಅಂತ ಈಗ ನನಗ ಡೌಟ್ ಬರಾಕತ್ತೈತಿ."

"ಬಲಗಿವಿ ನೋಡಪ್ಪಾ" ಎಂದರು ಮರಿಬಸಪ್ಪನವರು. ಮಾರೆಣ್ಣ ಕಿವಿ ನೋಡಲಿಲ್ಲ, ಅವರ ಮುಖ ನೋಡಿದ. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ನಕ್ಕ. "ನಿಮ್ಮಂಥ ಸಾಕ್ಷಿ ಯಾರಿಗೂ ಸಿಗಬಾರದ್ರಿ. ಆದ್ರ ಚಲೋ ನೋಡ್ಕೊಂಡೀರಿ." ಟಗರು ಹಗ್ಗ ಎಳೆಸಿಕೊಳ್ಳದೆ ಅವನ ಹಿಂದೆ ಹೊರಟಿತು. ಗೇಟಿನ ಬಳಿ ಒಮ್ಮೆ ನಿಂತಿತು, ಆದರೆ ಅದು ಉಚ್ಚೆ ಹೊಯ್ಯಲು.

ಖಾಲಿ ಆಟೋದಲ್ಲಿ ಗಾಂಧಿನಗರಕ್ಕೆ ಬಂದು ಇಳಿದಾಗ ಹಂಪಯ್ಯನವರು ಕಾಂಪೌಂಡಿನ ಆಚೆ ಕಾದಿದ್ದರು. ಮಾತು ಬಿಟ್ಟಿದ್ದನ್ನು ಮರೆತು, "ಊಟ ಆತೇನ್ರಿ ಕೋರ್ಟಿನವರದು?" ಎಂದು ಕೇಳಿದರು. ಮರಿಬಸಪ್ಪನವರು ಸೀದಾ ಒಳಗೆ ಹೋದರು. ಚನ್ನವೀರಮ್ಮ ಪಡಸಾಲೆ ತೊಳೆದರು. ಪೀಡೆ ತೊಲಗಿತೆಂದರು. ಸಂಜೆ ಧಾರಾವಾಹಿ ಶುರುವಾದಾಗ ಟಿ.ವಿ. ಆರಿಸಿ, ತಲೆ ನೋವೆಂದು ಮಲಗಿದರು. ಮರುದಿನದಿಂದ ಬೈಗುಳವೆಲ್ಲ ಗಂಡನ ಪಾಲಿಗೇ ಬಂತು. ಚಹಾಕ್ಕೆ ಸಕ್ಕರೆ ಕೇಳಿದ್ದಕ್ಕೊಮ್ಮೆ, ಕೇಳದೆ ಹಾಕಿಕೊಂಡದ್ದಕ್ಕೊಮ್ಮೆ, ಒದ್ದೆ ಟವೆಲ್ಲಿಗೆ, ಚಪ್ಪಲಿಗೆ, ಸಮಾಜ ಸೇವೆಗೆ.

ಹಾಗೆ ಒಂದು ಮಧ್ಯಾಹ್ನ ಅವರು ಬೈಯುತ್ತಿರುವಾಗಲೇ ಮಾರೆಣ್ಣನ ಫೋನ್ ಬಂತು.

"ಸಾವ್ಕಾರ್ರ, ಇದು ಕಾಳಗ ಮರ್ತೈತಿ. ಎದುರಿಗೆ ಇನ್ನೊಂದು ಟಗರು ನಿಲ್ಲಿಸಿದ್ರ ಮೂಸಿ ನೋಡಿ ಅದರ ಪಕ್ಕಕ್ಕ ಕುಂತ್ಕೊಳ್ಳಾಕತ್ತೈತಿ. ಸುತ್ತೂರಿನ ಮಂದಿ ನಗಾಕತ್ತಾರ. ಸುಂಕಲಮ್ಮ ಇರ್ಲಿ ಬಿಡು ಅಂತಾಳ. ಏನು ಮಾಡಿದ್ರಿ ನೀವು ಇದಕ್ಕ?"

ಚನ್ನವೀರಮ್ಮ ಗಂಡನ ಕೈಯಿಂದ ಫೋನ್ ಕಸಿದುಕೊಂಡರು.

"ನಾವೇನು ಮಾಡಿಲ್ಲಪಾ" ಎಂದರು ಶಾಂತವಾಗಿ. "ನಮ್ಮನಿಯಾಗ ಒಬ್ಬರಿಗೊಬ್ರು ಜಗಳಾಡಿದ್ದು ಅದು ಒಂದಿನಾನೂ ನೋಡಿಲ್ಲ. ಅದಕ್ಕೇನು ಗೊತ್ತಾಗಬೇಕು ಪಾಪ?"

ಮರಿಬಸಪ್ಪನವರು ಹೆಂಡತಿಯ ಮುಖ ನೋಡಿದರು. ಆ ಹೇಳಿಕೆಯನ್ನು ಪ್ರಶ್ನಿಸಲು ಬೇಕಾದ ಪುರಾವೆ ಅವರ ಬಳಿ ಸಾಕಷ್ಟಿತ್ತು. ಆದರೆ ಊಟದ ಹೊತ್ತಾಗಿತ್ತು.